ಬೋರ್ಡ್ ಪದದ ಪೆಟ್ಟಿಗೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಎಂದಿನಂತೆ ಎರಡು ಬಂದಿತ್ತು. ಒಂದು ಸಾಕೆಂದು ಹೇಳುವುದು ಯಾರಿಗೂ ಹೊಳೆದಿರಲಿಲ್ಲ. ಎರಡನ್ನೂ ಕಾಯಿಸಿದೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಅಡುಗೆಮನೆಗೆ ಹೋಗಿ ಬಂದೆ. ಆರಿಸಿದ್ದೆ.

ಅತ್ತೆ ಕಿಟಕಿಯ ಪಕ್ಕ ಕೂತಿದ್ದರು.

"ಒಂದು ಕಡೆ ಕೂತ್ಕೊಳ್ಳೇ," ಎಂದರು. "ನೀನು ಓಡಾಡ್ತಾ ಇದ್ರೆ ನಂಗೆ ತಲೆ ಸುತ್ತುತ್ತೆ."

ಕೂತೆ. ಎದ್ದೆ.

ಏಳೂವರೆಗೆ ಕಪಾಟಕ್ಕನ ಫೋನ್ ಬಂತು. ನನ್ನ ಗಂಡ ಕೆಲಸ ಮಾಡುತ್ತಿದ್ದ ನಿಘಂಟು ಕಚೇರಿಯಲ್ಲಿ ಚೀಟಿಗಳ ಕಪಾಟು ಅವರ ಸುಪರ್ದಿನಲ್ಲಿದೆ. ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ ಎಂದು ವಿಚಾರಿಸಿದರು.

"ಅವಸರ ಏನಿಲ್ಲ ಕಣಮ್ಮ," ಎಂದರು ಕೊನೆಗೆ. "ನಾಡಿದ್ದರೊಳಗೆ ಸಿಕ್ಕಿದ್ರೆ ಸಾಕು."

ಏನು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಅವನ ಮೇಜಿನ ಮೇಲೆಯೇ ಇತ್ತು.

ಆ ಕಚೇರಿಯಲ್ಲಿ ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುತ್ತಾರೆ. ಒಂದು ಅರ್ಥಕ್ಕೆ ಒಂದು ಚೀಟಿ. ಅಂಗೈ ಅಗಲದ ದಪ್ಪ ಕಾಗದ, ಒಂದೇ ಮಗ್ಗುಲಲ್ಲಿ ಬರಹ, ಅದೂ ಪೆನ್ಸಿಲಿನಲ್ಲಿ. ಮೂಲೆಯಲ್ಲಿ ಆ ಅರ್ಥ ಹುಡುಕಿದವರ ಸಣ್ಣ ಸಹಿ. ಸಹಿ ಇಲ್ಲದ ಚೀಟಿಯನ್ನು ಸಂಪಾದಕರು ಓದುವುದೇ ಇಲ್ಲ. ಒಂದು ಪದದ ಚೀಟಿಗಳಿಗೆಲ್ಲ ಒಂದು ಪೆಟ್ಟಿಗೆ. ಪೆಟ್ಟಿಗೆಯನ್ನು ಪಕ್ಕದ ಮೇಜಿಗೆ ಒಯ್ದರೂ ಕಪಾಟಿನ ಖಾಲಿ ಜಾಗದಲ್ಲಿ ಒಯ್ದವರ ಹೆಸರು ಬರೆದ ಕೆಂಪು ಕಾರ್ಡು ಇಡಬೇಕು. ಕಟ್ಟಡದಿಂದ ಆಚೆಗಂತೂ ಒಯ್ಯುವಂತೆಯೇ ಇಲ್ಲ.

ಕಳೆದ ಶುಕ್ರವಾರ ಅವನು ಕಪಾಟಕ್ಕನ ಹತ್ತಿರ ಗೋಗರೆದು ಪೆಟ್ಟಿಗೆಯನ್ನು ಮನೆಗೆ ತಂದಿದ್ದ. ಭಾನುವಾರ ಮುಗಿಸಿ ಸೋಮವಾರ ಒಪ್ಪಿಸುವ ಲೆಕ್ಕ. ಶನಿವಾರ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಕುಸಿದು ಬಿದ್ದ. ಮೂವತ್ತನಾಲ್ಕು ವರ್ಷ.

ನಾಡಿದ್ದು ಕಪಾಟಕ್ಕನ ನಿವೃತ್ತಿ. ಹೊಸಬರಿಗೆ ಒಪ್ಪಿಸುವಾಗ ಪ್ರತಿ ಪೆಟ್ಟಿಗೆಯನ್ನೂ ತೆರೆದು ಎಣಿಸುತ್ತಾರೆ. ಮೂವತ್ತೊಂದು ವರ್ಷದಲ್ಲಿ ಅವರ ಕೈಯಿಂದ ಒಂದು ಚೀಟಿಯೂ ಕಳೆದಿಲ್ಲ.

ಪೆಟ್ಟಿಗೆಯ ಮುಚ್ಚಳದ ಮೇಲೆ ಅವನ ಅಕ್ಷರದಲ್ಲಿ 'ಬೋರ್ಡ್, ಅರವತ್ತನಾಲ್ಕು' ಎಂದಿತ್ತು. ಎಣಿಸಿದೆ. ನಲವತ್ತೊಂಬತ್ತು. ಮತ್ತೆ ಎಣಿಸಿದೆ. ಅಷ್ಟೇ.

ಆಗ ನೆನಪಾಯಿತು. ಶನಿವಾರ ಮನೆ ತುಂಬ ಜನ. ಬರೆದುಕೊಳ್ಳೋಕೆ ಏನಾದ್ರೂ ಇದೆಯಾ ಎಂದು ಯಾರೋ ಕೇಳಿದ್ದರು. ನಾನು ಪೆಟ್ಟಿಗೆಯತ್ತ ಕೈ ತೋರಿಸಿ, ಅಲ್ಲಿದೆ, ತಗೊಳ್ಳಿ ಎಂದಿದ್ದೆ. ಚೀಟಿಯ ಹಿಂಬದಿ ಖಾಲಿ, ಕಾಗದ ಗಟ್ಟಿ. ಯಾರು ತಾನೇ ಬಿಟ್ಟಾರು? ಎಂ.ಎ. ಓದಿದವಳು ನಾನು. ಮಗ್ಗುಲು ತಿರುಗಿಸಿ ನೋಡಬಹುದಿತ್ತು.

ಹುಡುಕಲು ಶುರು ಮಾಡಿದೆ. ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದ ಚೀಟಿಯಲ್ಲಿ ಯಾರ್ಯಾರಿಗೆ ತಿಳಿಸಬೇಕು ಎಂಬ ಪಟ್ಟಿ. ಹಿಂದೆ 'ಬರೆಯಲು ಗೋಡೆಗೆ ಹಾಕುವ ಕರಿಹಲಗೆ'. ಅತ್ತೆಯ ಔಷಧಿ ಡಬ್ಬಿಯಲ್ಲಿ ಎರಡು. ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ನಾದಿನಿ ಬರೆದಿದ್ದಳು. ಒಂದು ನಾಲ್ಕು ಮಡಿಕೆಯಾಗಿ ಊಟದ ಮೇಜಿನ ಕುಂಟುಗಾಲಿನ ಕೆಳಗಿತ್ತು. ಬಿಡಿಸಿದೆ. 'ಮೇಜು, ಹಳೆಯ ಬಳಕೆ.'

ಶುಕ್ರವಾರ ಸಂಜೆ ಪಾತ್ರೆ ತೊಳೆಯುತ್ತ ಅವನು ಈ ಪದದ ಸಂಸಾರವನ್ನೆಲ್ಲ ಹೇಳಿದ್ದ. ಮೊದಲು ಅದು ಬರೀ ಹಲಗೆಯಂತೆ. ಹಲಗೆಗೆ ಕಾಲು ಕಟ್ಟಿದರು, ಮೇಜಾಯಿತು. ಮೇಜಿನ ಮೇಲೆ ಊಟ ಬಂತು, ಊಟಕ್ಕೂ ಅದೇ ಹೆಸರು. ದುಡ್ಡು ಕೊಟ್ಟು ಪರರ ಮನೆಯಲ್ಲಿ ಉಂಡು ಮಲಗುವವನಿಗೂ ಅದರದೇ ಹೆಸರು, ಬೋರ್ಡರ್. ಇಸ್ಪೀಟು ಆಡುವವರು ಕೈಯನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟರೆ ಮೋಸವಿಲ್ಲದ ಆಟ. ಅದಕ್ಕೂ ಒಂದು ನುಡಿಗಟ್ಟು, 'ಅಬವ್ ಬೋರ್ಡ್'.

"ಮೇಜಿನ ಸುತ್ತ ಕೂತ ದೊಡ್ಡ ಮನುಷ್ಯರು ಏಳಲೇ ಇಲ್ಲ ಕಣೇ," ಎಂದಿದ್ದ. "ಅವರಿಗೂ ಅದೇ ಹೆಸರಿಟ್ಟು ಕೈ ತೊಳ್ಕೊಂಡ್ರು. ನಮ್ಮ ಕಚೇರಿ ಬೋರ್ಡಿನವರು ಇನ್ನೂ ಎದ್ದಿಲ್ಲ ನೋಡು."

ನಾನು ನಕ್ಕಿದ್ದೆನೋ ಇಲ್ಲವೋ ನೆನಪಿಲ್ಲ. ತಟ್ಟೆ ಒರೆಸುತ್ತಿದ್ದೆ.

ಮನೆಯಲ್ಲಿ ಒಟ್ಟು ಹತ್ತು ಸಿಕ್ಕವು. ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಎರಡು ಬೀದಿ ಆಚೆಯ ಭಾವನ ಮನೆಗೆ ಹೋದೆ. ನನ್ನ ಗಂಡನ ಅಣ್ಣ, ಓಡಾಟವನ್ನೆಲ್ಲ ಹೊತ್ತವರು ಅವರೇ. ವಿಷಯ ಹೇಳಿದೆ. ಅವರು ಜೇಬು, ಪರ್ಸು, ಚೀಲ ಎಲ್ಲ ತಡಕಿ ಮೂರು ಚೀಟಿ ತೆಗೆದರು. ನಾಲ್ಕನೆಯದು ಅಂಗಿಯ ಜೊತೆ ಒಗೆತಕ್ಕೆ ಬಿದ್ದು ಉಂಡೆಯಾಗಿತ್ತು. ಓರಗಿತ್ತಿ ಅದನ್ನು ಬಿಡಿಸಿ, ಎರಡು ಬಟ್ಟೆಗಳ ನಡುವೆ ಇಟ್ಟು ಇಸ್ತ್ರಿ ಮಾಡಿದಳು. ಭಾವ ಪೆನ್ನಿನಲ್ಲಿ ಬರೆದಿದ್ದೆಲ್ಲ ನೀಲಿ ಮೋಡವಾಗಿತ್ತು. ಪೆನ್ಸಿಲ್ ಹಾಗೆಯೇ ಇತ್ತು: 'ಪುಸ್ತಕದ ರಟ್ಟು.'

"ಇದ್ದಾಗಲೂ ಚೀಟಿ ಚೀಟಿ ಅಂತ ಜೀವ ತಿಂದ," ಎಂದರು ಭಾವ. "ಹೋದ ಮೇಲೂ ಬಿಡಲಿಲ್ಲ ನೋಡಮ್ಮ." ಮುಖ ಆಚೆ ತಿರುಗಿಸಿದರು. ಆಮೇಲೆ, ಎಷ್ಟು ಕಮ್ಮಿ ಎಂದು ಕೇಳಿದರು.

ಇನ್ನೊಂದು ಎಂದೆ.

"ಕುರ್ಚಿ ಬಾಡಿಗೆಯವನಿಗೆ ಅಡ್ರೆಸ್ ಬರೆದು ಕೊಟ್ಟವಳು ನೀನೇ ಅಲ್ವಾ?"

ನನಗೆ ನೆನಪಿರಲಿಲ್ಲ. ಓರಗಿತ್ತಿ ಟೀ ತಂದಿಟ್ಟಳು. ಕುಡಿದು ಹೋಗು, ಕೂತ್ಕೋ ಎಂದಳು. ನಿಂತೇ ಎರಡು ಗುಟುಕು ಕುಡಿದು ಹೊರಟೆ.

ಕುರ್ಚಿಯವನ ಅಂಗಡಿ ದೊಡ್ಡ ರಸ್ತೆಯ ತುದಿಯಲ್ಲಿತ್ತು. ಒಂದರೊಳಗೊಂದು ಕೂತ ಪ್ಲಾಸ್ಟಿಕ್ ಕುರ್ಚಿಗಳ ಕಂಬಗಳು ಸೂರಿನವರೆಗೆ. ಮೇಜಿನ ಮೇಲೆ ಮರದ ತುಂಡಿಗೆ ಹೊಡೆದ ಉದ್ದನೆಯ ಮೊಳೆ, ಅದರಲ್ಲಿ ಆರ್ಡರಿನ ಕಾಗದಗಳು. ಕಳೆದ ಮೂರು ದಿನದ ಮದುವೆ, ಸಭೆಗಳನ್ನೆಲ್ಲ ಅವನು ಒಂದೊಂದಾಗಿ ತೆಗೆದ. ನಮ್ಮದು ಸಿಕ್ಕಿತು.

"ನಿಮ್ಮ ಅಕ್ಷರಾನಾ ಮೇಡಂ ಇದು?" ಎಂದ. "ಒಂದೋ ಏಳೋ ಗೊತ್ತಾಗದೆ ನಮ್ಮ ಗಾಡಿಯವನು ಬೀದಿಯೆಲ್ಲ ಸುತ್ತಿದ." ಆಮೇಲೆ ಯಾವ ಆರ್ಡರ್ ಎಂದು ಅವನಿಗೆ ತಿಳಿಯಿತೇನೋ, ಚೀಟಿಯನ್ನು ಎರಡೂ ಕೈಯಿಂದ ಕೊಟ್ಟ.

ಹೊರಗೆ ಬಂದು ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ತಿರುಗಿಸಿದೆ. ನನ್ನ ಗಂಡ ಕೊನೆಗೆ ಬರೆದ ಚೀಟಿ ಅದು. ಶುಕ್ರವಾರದ ತಾರೀಖು ಇತ್ತು.

'ಹಡಗಿನ ಪಕ್ಕ, ಅಂಚು. ಹಡಗು ಹತ್ತುವುದು, ಹಡಗಿನಿಂದ ಆಚೆ ಬೀಳುವುದು ಎಂಬ ಬಳಕೆಗಳು ಬಂದದ್ದು ಇದರಿಂದಲೇ. ಇದು ಹಲಗೆಯ ಮಗನಲ್ಲ. ಬೇರೆ ಮನೆಯದು, ಬಹಳ ಹಿಂದೆ ಬಂದು ಅದೇ ಹೆಸರಿನಲ್ಲಿ ಇದ್ದುಬಿಟ್ಟಿದೆ. ಎರಡು ಮೂಲ ಎಂದು ಬೇರೆ ಮಾಡಿ ತೋರಿಸಬೇಕು.' ಮೂಲೆಯಲ್ಲಿ ಅವನ ಸಹಿ. ಸಹಿಯ ಪಕ್ಕದಲ್ಲೇ ಮೊಳೆಯ ತೂತು.

ಒಂದು ಮಗ್ಗುಲಲ್ಲಿ ಅವನ ಅಕ್ಷರ, ಇನ್ನೊಂದರಲ್ಲಿ ನನ್ನದು. ಅಂಥ ಕಾಗದ ನಮ್ಮ ಮನೆಯಲ್ಲಿ ಇನ್ನೊಂದಿರಲಿಲ್ಲ. ನಾವು ಪತ್ರ ಬರೆದುಕೊಂಡವರಲ್ಲ.

ಪೆಟ್ಟಿಗೆಯ ಹಿಂಭಾಗದಲ್ಲಿ ಬರೆಯದ ಚೀಟಿಗಳಿದ್ದವು, ಒಂದು ಮೋಟು ಪೆನ್ಸಿಲ್ಲೂ ಇತ್ತು. ಒಂದನ್ನು ತೆಗೆದು ತೊಡೆಯ ಮೇಲಿಟ್ಟು ಅಕ್ಷರಕ್ಕೆ ಅಕ್ಷರ ನಕಲು ಮಾಡಿದೆ. ಅವನ 'ಡ' ಸ್ವಲ್ಪ ವಾಲುತ್ತದೆ. ನನ್ನದನ್ನೂ ವಾಲಿಸಿದೆ. ಕಪಾಟಕ್ಕ ಎಣಿಸುತ್ತಾರೆ, ಅರವತ್ತನಾಲ್ಕು ಇರುತ್ತದೆ. ಯಾರಿಗೆ ಗೊತ್ತಾಗುತ್ತದೆ?

ಸಹಿಯ ಜಾಗಕ್ಕೆ ಬಂದಾಗ ಪೆನ್ಸಿಲ್ ನಿಂತಿತು.

ಅವನ ಸಹಿ ನಾನು ಹಾಕಿದರೆ ಸುಳ್ಳು. ನನ್ನದು ಹಾಕಿದರೆ ನಾನು ಆ ಕಚೇರಿಯವಳಲ್ಲ. ಹಾಕದಿದ್ದರೆ ಸಂಪಾದಕರು ಚೀಟಿಯನ್ನು ಬದಿಗಿಡುತ್ತಾರೆ. ಅರವತ್ತಮೂರು ಅರ್ಥಗಳೂ ಒಂದೇ ಹಲಗೆಯ ಕೆಳಗೆ ಅಚ್ಚಾಗುತ್ತವೆ. ಪೆಟ್ಟಿಗೆಯನ್ನು ಅವನು ಮನೆಗೆ ತಂದಿದ್ದೇ ಈ ಒಂದು ಚೀಟಿಗಾಗಿ.

ಮೂರು ಬಸ್ಸು ಹೋದವು. ನಾಲ್ಕನೆಯದು ಬರುವಾಗ ಅವನ ಚೀಟಿಯನ್ನು ಪೆಟ್ಟಿಗೆಗೆ ಹಾಕಿ ನನ್ನದನ್ನು ಪರ್ಸಿನಲ್ಲಿಟ್ಟುಕೊಂಡೆ.

ಕಚೇರಿಯಲ್ಲಿ ಊಟದ ಬಿಡುವು. ಕಪಾಟಕ್ಕ ಒಬ್ಬರೇ ಇದ್ದರು. ನನ್ನನ್ನು ಕಂಡು ಎದ್ದರು, ಮತ್ತೆ ಕೂತರು. ನಡೆದದ್ದನ್ನು ಹೇಳಿದೆ. ಅವರು ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಎಣಿಸತೊಡಗಿದರು. ಮಡಿಕೆ ಬಿದ್ದದ್ದು, ಇಸ್ತ್ರಿಯಾದದ್ದು, ಔಷಧಿ ವಾಸನೆಯದ್ದು, ಎಲ್ಲ ದಾಟಿತು. ತೂತಿನ ಚೀಟಿಯ ಹತ್ತಿರ ಬೆರಳು ನಿಂತಿತು. ಓದಿದರು. ಹಿಂದೆ ತಿರುಗಿಸಿದರು.

"ಯಾರ ಅಕ್ಷರ ಇದು?"

"ನಂದು. ಅಳಿಸಿಕೊಡ್ಲಾ ಅಕ್ಕ?"

"ಬೇಡ. ಚೀಟಿ ಮೇಲಿರೋದನ್ನ ಅಳಿಸೋ ಪದ್ಧತಿ ಇಲ್ಲ ಇಲ್ಲಿ." ಅದನ್ನು ಉಳಿದವುಗಳ ಜೊತೆ ಸೇರಿಸಿದರು. "ಅರವತ್ನಾಲ್ಕು."

ಕಪಾಟಿನ ಬಳಿ ಹೋದೆವು. ಖಾಲಿ ಜಾಗದಲ್ಲಿ ಕೆಂಪು ಕಾರ್ಡು ನಿಂತಿತ್ತು. ಅದರ ಮೇಲೆ ಅವನ ಹೆಸರಿರಲಿಲ್ಲ. ಕಪಾಟಕ್ಕ ತಮ್ಮದನ್ನೇ ಬರೆದಿದ್ದರು. ಕಾರ್ಡನ್ನು ಎಳೆದು ಸೆರಗಿನಲ್ಲಿ ಒರೆಸಿ, ಪಕ್ಕಕ್ಕೆ ಸರಿದರು.

ಪೆಟ್ಟಿಗೆಯನ್ನು ಒಳಗೆ ತಳ್ಳಿದೆ. ಅರ್ಧಕ್ಕೆ ಸಿಕ್ಕಿಕೊಂಡಿತು. ಇನ್ನೊಂದು ಸಲ ತಳ್ಳಬೇಕಾಯಿತು.