ಬೆನ್ನು ತಿರುಗಿಸಿ ಕೂತ ಫೋಟೋ

ಫಳ್ನೀರಿನ ಆ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವನು ಬೆನೆಡಿಕ್ಟ್. ಹೆಂಗಸರ ಹೆದರಿಕೆ ಬಿಡಿಸುವವಳು ನಳಿನಾಕ್ಷಿ. ಮೂವತ್ತನಾಲ್ಕು ದಾಟಿದರೂ ಮದುವೆಯಾಗದ ಅವಳಿಗೆ ಇನ್ನೊಬ್ಬರ ಹೆಂಡಂದಿರನ್ನು ಸಿಂಗರಿಸುವ ಕೆಲಸ ಗಂಟುಬಿದ್ದಿತ್ತು.

ಅರವತ್ತರ ದಶಕದ ಮಾತು. ಬಹರೈನಿಗೆ ಹೋದ ಗಂಡಂದಿರು ಹೆಂಡತಿಯ ಫೋಟೋ ಕಳಿಸಿ ಎಂದು ಬರೆಯುತ್ತಿದ್ದರು. ಸಾದಾ ಫೋಟೋ ಸಾಲದು ಈ ಮಹಾರಾಯರಿಗೆ! ತಲೆಯ ಮೇಲೆ ಬಟ್ಟೆ ಇರಬಾರದು, ಕೂದಲು ಬಿಟ್ಟಿರಬೇಕು, ಮಂಚದ ಮೇಲೆ ಕೂತಿರಬೇಕು. ಅದಕ್ಕೆಂದೇ ಒಳಕೋಣೆಯಲ್ಲಿ ಒಂದು ಕ್ರಮವಿತ್ತು. ಮೊದಲು ನಳಿನಾಕ್ಷಿ ಮಂಚದ ಮೇಲೆ ಕೂರುತ್ತಾಳೆ. ಬೆನೆಡಿಕ್ಟ್ ಅವಳನ್ನು ನೋಡಿ ಕ್ಯಾಮರಾ ಹೊಂದಿಸಿ ಹೊರಗೆ ಹೋಗುತ್ತಾನೆ. ಆಮೇಲೆ ಫೋಟೋಕ್ಕೆ ಬಂದ ಹೆಂಗಸು ಅದೇ ಜಾಗದಲ್ಲಿ ಕೂರುತ್ತಾಳೆ, ನಳಿನಾಕ್ಷಿ ಕ್ಯಾಮರಾದ ಕೊಳವೆಗೆ ಸಿಕ್ಕಿಸಿದ ರಬ್ಬರಿನ ಬುರುಡೆ ಒತ್ತಿ ಫೋಟೋ ತೆಗೆಯುತ್ತಾಳೆ.

"ಯಾರೂ ನೋಡುವುದಿಲ್ಲ ಮಾರಾಯ್ತಿ, ನಿನ್ನ ಗಂಡ ಒಬ್ಬನೇ" ಎಂದು ಪ್ರತಿಯೊಬ್ಬಳಿಗೂ ಹೇಳುತ್ತಿದ್ದಳು. ಹೇಳುವುದಕ್ಕೇನು, ಬಾಯಿಗೆ ಬಾಡಿಗೆ ಉಂಟೆ?

ಒಂದು ಮಧ್ಯಾಹ್ನ ಬಂದರಿನಿಂದ ಆಸ್ಯಮ್ಮ ತನ್ನ ಸೊಸೆ ನಾಝಿಮಾಳನ್ನು ಕರೆದುಕೊಂಡು ಬಂದಳು. ಸೊಸೆಯನ್ನು ಒಳಗೆ ಬಿಟ್ಟು, ತಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಗಟ್ಟಿಯಾಗಿ ಕೂತಳು. ಒಳಕೋಣೆಗೆ ಇದ್ದದ್ದು ಆ ಒಂದೇ ಬಾಗಿಲು.

ನಳಿನಾಕ್ಷಿ ಚಹಾ ಕೊಟ್ಟಳು, ಬೂತಾಯಿ ಮೀನಿನ ಸುದ್ದಿ ತೆಗೆದಳು, ಚಪ್ಪಲಿ ಬಿಡಿಸಿದಳು. ನಾಝಿಮಾ ತಲೆಯ ಬಟ್ಟೆಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಎಂತ ಹೆದರಿಕೆ? ಗಂಡ ಒಬ್ಬನೇ ನೋಡುವುದಲ್ವಾ?"

"ಬಹರೈನಲ್ಲಿ ಅವರ ರೂಮಲ್ಲಿ ಎಂಟು ಜನ ಇದ್ದಾರೆ ಅಕ್ಕ. ಒಬ್ಬನಿಗೆ ಬಂದ ಕಾಗದ ಎಲ್ಲರೂ ಓದ್ತಾರೆ."

ನಳಿನಾಕ್ಷಿ ಅವಳ ಪಕ್ಕದಲ್ಲೇ ಕೂತಳು.

"ಹಾಗಾದ್ರೆ ಬೇಡ ಅಂತ ಹೇಳು."

"ಫೋಟೋ ಬರದಿದ್ರೆ ಇನ್ನೊಂದು ಮದುವೆ ಮಾಡ್ಕೊಳ್ತೇನೆ ಅಂತ ಬರೆದಿದ್ದಾರೆ. ಫೋಟೋ ಇಲ್ಲದೆ ಅತ್ತೆ ನನ್ನನ್ನು ಮನೆಗೆ ಕರ್ಕೊಂಡು ಹೋಗುವುದಿಲ್ಲ."

ಹೊರಗೆ ಆಸ್ಯಮ್ಮ ಕೆಮ್ಮಿದಳು. ನಾಝಿಮಾ ಥಟ್ಟನೆ ನಳಿನಾಕ್ಷಿಯ ಕೈ ಹಿಡಿದಳು.

"ನೀವೇ ಕೂತ್ಕೊಳ್ಳಿ ಅಕ್ಕ. ಬೆನ್ನು ಈಚೆ ಮಾಡಿ. ನಿಮ್ಮ ಕೂದಲೂ ನನ್ನಷ್ಟೇ ಉಂಟು. ಮದುವೆಯಾಗಿ ಹನ್ನೆರಡೇ ದಿನ ಇದ್ದದ್ದು ಅವರು. ಅವರಿಗೆ ಎಂತ ಗೊತ್ತಾಗ್ತದೆ?"

ಅಯ್ಯೋ ದೇವರೇ! ಆದರೆ ಆ ಹುಡುಗಿಯ ಕಣ್ಣು ನೋಡಿ ಇಲ್ಲ ಎನ್ನಲು ನಳಿನಾಕ್ಷಿಯಿಂದ ಆಗಲಿಲ್ಲ. ದಿನಾ ಕೂರುವ ಮಂಚವೇ ತಾನೆ ಎಂದುಕೊಂಡಳು. ನಾಝಿಮಾಳ ಒಡವೆ ಹಾಕಿಕೊಂಡು, ತುರುಬು ಬಿಚ್ಚಿ, ರವಿಕೆಯನ್ನು ಭುಜದಿಂದ ತುಸು ಜಾರಿಸಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಕೂತ ಮೇಲೆ ಅವಳ ಬೆನ್ನು ತಣ್ಣಗಾಯಿತು. ಅವಳ ಬಿಚ್ಚಿದ ಕೂದಲನ್ನು ಇದುವರೆಗೆ ಯಾವ ಗಂಡಸೂ ನೋಡಿರಲಿಲ್ಲ.

"ಯಾರೂ ನೋಡುವುದಿಲ್ಲ ಅಕ್ಕ" ಎಂದು ನಾಝಿಮಾ ಮೆಲ್ಲಗೆ ಹೇಳಿ ಬುರುಡೆ ಒತ್ತಿದಳು.

ಎರಡು ದಿನದ ಮೇಲೆ ಬೆನೆಡಿಕ್ಟ್ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಹುಡುಗಿ ಎಷ್ಟು ಚಂದ ಕೂತಿದ್ದಾಳೆ ಮಾರಾಯ್ತಿ! ನೀನು ಚೆನ್ನಾಗಿ ಕಲಿಸಿದ್ದಿ" ಎಂದ. ನಳಿನಾಕ್ಷಿ ನಗಬೇಕಾಯಿತು. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನ್ನಿಸಿತು. ಅಂದಿನಿಂದ ತುರುಬನ್ನು ಇನ್ನಷ್ಟು ಬಿಗಿದು ಕಟ್ಟಿ, ಅದರ ಮೇಲೆ ಸೆರಗು ಹೊದ್ದುಕೊಂಡೇ ಕೆಲಸಕ್ಕೆ ಬರತೊಡಗಿದಳು.

ಮೂರು ತಿಂಗಳಿಗೆ ಆಸ್ಯಮ್ಮ ಮತ್ತೆ ಬಂದು ಅದೇ ಬೆಂಚಿನ ಮೇಲೆ ಕೂತಳು. ಈ ಸಲ ಅವಳ ಮುಖದಲ್ಲಿ ಗೆಲುವಿತ್ತು. ನಾಝಿಮಾ ಒಳಗೆ ಬಂದು ಬಾಗಿಲು ಮುಚ್ಚಿ, ಅದಕ್ಕೇ ಒರಗಿ ನಿಂತಳು.

"ಫೋಟೋ ರೂಮಿನ ಗೋಡೆಗೆ ಅಂಟಿಸಿದ್ದಾರಂತೆ ಅಕ್ಕ. ಎಂಟು ಜನರೂ ಒಳ್ಳೆದುಂಟು ಅಂದ್ರಂತೆ."

ನಳಿನಾಕ್ಷಿಯ ಕೈ ತಾನಾಗಿಯೇ ಬೆನ್ನಿನ ಮೇಲಿನ ಸೆರಗನ್ನು ಎಳೆದುಕೊಂಡಿತು.

"ಈ ಸಲ ಮುಖ ಕಾಣ್ಬೇಕಂತೆ."

ಇಬ್ಬರೂ ಮಂಚದ ಕಡೆ ನೋಡಿದರು. ನಾಝಿಮಾ ತಾನೇ ಹೋಗಿ ಅಲ್ಲಿ ಕೂತು, ತಲೆಯ ಬಟ್ಟೆ ತೆಗೆದು ಮಡಚಿ ಪಕ್ಕಕ್ಕಿಟ್ಟಳು.

"ಎಲ್ಲರಿಗೂ ಒಂದು ಮಾತು ಹೇಳ್ತೀರಲ್ಲ ಅಕ್ಕ, ನನಗೂ ಒಮ್ಮೆ ಹೇಳಿ."

"ಯಾರೂ..." ಎಂದು ನಳಿನಾಕ್ಷಿ ಬಾಯಿ ತೆರೆದಳು. ಮುಂದಿನ ಮಾತು ಬಿಟ್ಟು, ನಾಝಿಮಾ ಮಡಚಿಟ್ಟ ಬಟ್ಟೆಯನ್ನು ಕೈಗೆತ್ತಿಕೊಂಡಳು. ಹೊರಗಿನಿಂದ ಆಸ್ಯಮ್ಮ ಬಾಗಿಲು ಬಡಿದು, "ಆಯ್ತಾ?" ಎಂದು ಕೇಳಿದಳು.