ಗಣಿ ಇಲ್ಲದ ಕಂಪನಿಗೆ ಗಳಿಕೆ ಎಲ್ಲಿಂದ?

ಬಂಗಾರದ ಬೆಲೆ ಏರಿದಾಗೆಲ್ಲ ಆಸ್ಟ್ರೇಲಿಯಾದ ಗಣಿ ಊರು ಕಾಲ್ಗೂರ್ಲಿಯ ಪಬ್ಬುಗಳಲ್ಲಿ ಕೂತವರೆಲ್ಲ ಶೇರು ಪಂಡಿತರಾಗುತ್ತಾರೆ. ಲಯನಲ್ ಟ್ರೆಗಿಯರ್ ಕೂಡ ಹಾಗೇ ಆದ. ಮೂವತ್ತು ವರ್ಷ ಗಣಿಯಲ್ಲಿ ಲಾರಿ ಓಡಿಸಿ ನಿವೃತ್ತನಾದವನು. ಹೆಂಡತಿ ಗ್ಲೆನಿಸ್‌ಳ ಸೊಂಟದ ಆಪರೇಷನ್ನಿಗೆಂದು ನಲವತ್ತು ಸಾವಿರ ಡಾಲರ್ ತೆಗೆದಿಟ್ಟಿದ್ದ. ಈಗ ಆ ದುಡ್ಡಿನ ಮೇಲೇ ಅವನ ಕಣ್ಣು.

ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಸಾಸೇಜು ಸುಡುತ್ತ ವಿಷಯ ತೆಗೆದ. ಪಕ್ಕದ ಮನೆಯ ಬ್ರೋನಾ ಊಟಕ್ಕೆ ಬಂದಿದ್ದಳು. ಬಂಗಾರ ಹುಡುಕಲು ನೆಲಕ್ಕೆ ಬೋರ್ ಕೊರೆಯುವ ಕಂಪನಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವಳು.

"ಬ್ಲೂ ಕೆಟಲ್ ಅಂತ ಒಂದು ಸಣ್ಣ ಕಂಪನಿ. ಬಂಗಾರ ಹುಡುಕ್ತಾ ಇದೆ. ಶೇರು ಇಪ್ಪತ್ತು ಸೆಂಟು, ಬೆಲೆ-ಗಳಿಕೆ ಅನುಪಾತ ಬರೀ ನಾಲ್ಕು. ದೊಡ್ಡ ಗಣಿಗಳದ್ದು ಹದಿನೈದು, ಇಪ್ಪತ್ತು. ಇದಕ್ಕಿಂತ ಅಗ್ಗ ಎಲ್ಲಿ ಸಿಗುತ್ತೆ?" ಎಂದ.

"ಅನುಪಾತ ಅಂದ್ರೇನು? ನಂಗೆ ಅರ್ಥ ಆಗೋ ಹಾಗೆ ಹೇಳಿ," ಎಂದಳು ಗ್ಲೆನಿಸ್.

ಬ್ರೋನಾ ವಿವರಿಸಿದಳು. "ಒಂದು ಶೇರಿನ ಬೆಲೆ ಇಪ್ಪತ್ತು ಸೆಂಟು. ಆ ಶೇರಿನ ಪಾಲಿಗೆ ಹೋದ ವರ್ಷ ಬಂದ ಲಾಭ ಐದು ಸೆಂಟು. ಇಪ್ಪತ್ತನ್ನ ಐದರಿಂದ ಭಾಗಿಸು, ನಾಲ್ಕು. ಅಂದ್ರೆ ಇದೇ ಲಾಭ ವರ್ಷಾ ವರ್ಷ ಬಂದ್ರೆ, ನೀನು ಕೊಟ್ಟಷ್ಟು ನಾಲ್ಕು ವರ್ಷಕ್ಕೆ ಹುಟ್ಟುತ್ತೆ."

"ಸರಿ ತಾನೆ?" ಎಂದ ಲಯನಲ್.

"ಲೆಕ್ಕ ಸರಿ. ವರ್ಷಾ ವರ್ಷ ಬರುತ್ತಾ ಅನ್ನೋದು ಪ್ರಶ್ನೆ. ಅವರ ಗಣಿ ಎಲ್ಲಿದೆ?"

"ಗಣಿ ಇನ್ನೂ ಇಲ್ಲ. ಹುಡುಕ್ತಿದ್ದಾರೆ ಅಂದ್ನಲ್ಲ."

"ಮತ್ತೆ ಲಾಭ ಎಲ್ಲಿಂದ ಬಂತು?"

ಲಯನಲ್‌ಗೆ ಸಿಟ್ಟು ಬಂತು. "ಮೂವತ್ತು ವರ್ಷ ಅದಿರು ಹೊತ್ತೋನು ನಾನು. ನಂಗೆ ಬಂಗಾರದ ಪಾಠ ಹೇಳ್ಬೇಡ."

"ನೀನು ಹೊತ್ತಿದ್ದು ಕಲ್ಲು, ಮಾರಾಯ. ಫೋನ್ ತೆಗಿ, ಅವರ ವಾರ್ಷಿಕ ವರದಿ ಓದು."

ಕನ್ನಡಕ ಏರಿಸಿ ಅವನೇ ಓದಿದ. ಹೋದ ವರ್ಷ ಕಂಪನಿ ಒಂದು ಜಾಗದಲ್ಲಿ ಬಂಗಾರ ಹುಡುಕುವ ತನ್ನ ಪರವಾನಗಿ ಮಾರಿತ್ತು. ಲಾಭವೆಲ್ಲ ಅದರದ್ದೇ. ಅದರ ಹಿಂದಿನ ಏಳು ವರ್ಷವೂ ನಷ್ಟ. ಕೈಲಿದ್ದ ದುಡ್ಡು ಆರು ತಿಂಗಳಿಗೆ ಸಾಲುವಷ್ಟು.

"ಆರು ತಿಂಗಳಾದ್ಮೇಲೆ?" ಎಂದು ಮೆಲ್ಲಗೆ ಕೇಳಿದ.

"ಹೊಸ ಶೇರು ಮಾಡಿ ಮಾರ್ತಾರೆ. ರೊಟ್ಟಿ ಅಷ್ಟೇ, ತಿನ್ನೋರು ಜಾಸ್ತಿ. ಗಣಿ ನಡೀತಿದ್ರೆ ಅನುಪಾತ ನೋಡು. ಹುಡುಕೋ ಕಂಪನಿಗೆ ಅದು ಅಳತೆನೇ ಅಲ್ಲ. ಬೋರಿನಲ್ಲಿ ಎಷ್ಟು ಬಂಗಾರ ಸಿಕ್ಕಿದೆ, ಕೈಲಿ ಎಷ್ಟು ದುಡ್ಡಿದೆ, ಎಷ್ಟು ಶೇರು ಹಂಚಿದ್ದಾರೆ, ಅದನ್ನ ನೋಡು. ಅಷ್ಟಾದ್ರೂ ಅದು ಜೂಜೇ. ಹೋದ್ರೆ ಹೋಯ್ತು ಅನ್ನೋವಷ್ಟೇ ಹಾಕು."

"ನನ್ನ ಸೊಂಟ ಹೋದ್ರೆ ಹೋಯ್ತಾ?" ಎಂದಳು ಗ್ಲೆನಿಸ್.

ಲಯನಲ್ ಫೋನನ್ನು ಜೇಬಿಗೆ ಹಾಕಿದ. ಸೋಮವಾರ ಬೆಳಿಗ್ಗೆ ತಾನೇ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ನಿನ ದಿನ ಗೊತ್ತು ಮಾಡಿದ. ಆರು ತಿಂಗಳ ಮೇಲೆ ಬ್ಲೂ ಕೆಟಲ್ ಕಂಪನಿ ದುಡ್ಡು ಮುಗಿದು ಒಂಬತ್ತು ಸೆಂಟಿಗೆ ಹೊಸ ಶೇರು ಮಾರಿದಾಗ, ಗ್ಲೆನಿಸ್ ಕೋಲಿಲ್ಲದೆ ಅಂಗಡಿಗೆ ಹೋಗಿ ಬರುತ್ತಿದ್ದಳು.

ನಿಮಗೂ ಯಾರಾದರೂ ಸಣ್ಣ ಅಂಕಿ ತೋರಿಸಿ "ಅಗ್ಗ" ಎಂದರೆ, ಆ ಲಾಭ ಎಲ್ಲಿಂದ ಬಂತು, ಮುಂದಿನ ವರ್ಷವೂ ಬರುತ್ತದೆಯೇ ಎಂದು ಕೇಳಿ. ಉತ್ತರ ಸಿಗುವ ತನಕ ದುಡ್ಡು ನಿಮ್ಮ ಕೈಯಲ್ಲೇ ಇರಲಿ.