ನಾಲ್ಕನೇ ಪುಟದ ಹೆಸರು

ಶನಿವಾರ ಮಧ್ಯಾಹ್ನ ಕೊರಿಯಾದ ನಮ್ಮ ಬಲ್‌ಗ್ಯೋ ಊರಿನ ಚರ್ಚಿನ ಅಡುಗೆಮನೆಯಲ್ಲಿ ನಾವಿಬ್ಬರೇ ಇರುತ್ತೇವೆ. ನಾನು ಭಾನುವಾರದ ಊಟಕ್ಕೆ ಸೋಯಾ ಮೊಳಕೆಯ ಬಾಲ ಕೀಳುತ್ತೇನೆ, ಎದುರಿಗೆ ಕೂತು ಯನ್‌ಸಿಲ್ ಚರ್ಚಿನ ವಾರಪತ್ರಿಕೆ ಮಡಿಸುತ್ತಾಳೆ. ನೂರ ಎಂಬತ್ತು ಹಾಳೆ. ಅವಳ ಎಡಗೈ ಹುಟ್ಟಿದಾಗ ಮುಷ್ಟಿ ಕಟ್ಟಿದ್ದು ಇವತ್ತಿಗೂ ಬಿಚ್ಚಿಲ್ಲ. ಆ ಮುಷ್ಟಿಗೇ ಮರದ ಸೌಟು ಸಿಕ್ಕಿಸಿಕೊಂಡು ಅದರ ಬೆನ್ನಿಂದ ಹಾಳೆಯ ಮಡಿಕೆಯನ್ನು ಒತ್ತಿ ಎಳೆಯುತ್ತಾಳೆ. ಎರಡು ಕೈ ನೆಟ್ಟಗಿರುವ ನನಗೆ ಅಷ್ಟು ನೇರವಾಗಿ ಮಡಿಸಲು ಬರುವುದಿಲ್ಲ. ಮಾತು ಮಾತ್ರ ಅವಳಿಗೆ ಗಂಟಲಲ್ಲೇ ಅರ್ಧ ಉಳಿಯುತ್ತದೆ. ಹತ್ತೊಂಬತ್ತು ವರ್ಷ ಎದುರು ಕೂತ ನನಗೆ ಉಳಿದರ್ಧವೂ ಕೇಳಿಸುತ್ತದೆ.

ಪತ್ರಿಕೆಯ ನಾಲ್ಕನೇ ಪುಟದ ಕೆಳಗೆ ರೋಗಿಗಳ ಪಟ್ಟಿ ಇರುತ್ತದೆ. ಆರಾಧನೆಯಲ್ಲಿ ಪಾಸ್ಟರು ಒಂದೊಂದೇ ಹೆಸರು ಓದುತ್ತಾರೆ, ಸಭೆಯೆಲ್ಲ ಆಮೆನ್ ಎನ್ನುತ್ತದೆ. ಯನ್‌ಸಿಲ್‌ಗೆ ಯಾವ ರೋಗವೂ ಇಲ್ಲ. ಅವಳಿಗೆ ನೆಗಡಿ ಬಂದದ್ದೂ ನಾನು ಕಂಡಿಲ್ಲ. ಆದರೂ ತಾಯಿ ಅವಳನ್ನು ಮೊದಲು ಕರೆತಂದ ವಾರ ಯಾರೋ ಅವಳ ಹೆಸರನ್ನು ಅಲ್ಲಿ ಸೇರಿಸಿದರು, ‘ಸಂಪೂರ್ಣ ಗುಣಕ್ಕಾಗಿ’ ಎಂದು. ತಾಯಿ ತೀರಿಕೊಂಡರು, ಹೆಸರು ಅಲ್ಲೇ ಉಳಿಯಿತು.

ಅದರ ಮೇಲೆ ತಮಾಷೆ ಮಾಡುವವಳೂ ಅವಳೇ.

“ಅಕ್ಕ, ಬೋಂಗ್ ತಾತ ಪಟ್ಟಿಯಿಂದ ಪಾಸಾದ್ರು.”

“ಗುಣ ಆಯ್ತಾ?”

“ಇಲ್ಲ, ಮೇಲಕ್ಕೆ ಹೋದ್ರು. ಎಲ್ರೂ ಒಂದಲ್ಲಾ ಒಂದ್ ಕಡೆಗೆ ಪಾಸಾಗ್ತಾರೆ. ನಾನೊಬ್ಳೇ ಹತ್ತೊಂಬತ್ತು ವರ್ಷದಿಂದ ಅದೇ ಕ್ಲಾಸು.”

ಅವಳಿಗೆ ಬೇಕಾಗಿದ್ದದ್ದು ಎರಡನೇ ಪುಟ. ವರ್ಷದ ಮೊದಲ ಭಾನುವಾರ ಅಲ್ಲಿ ಆ ವರ್ಷದ ಜಿಪ್ಸಾಗಳ, ಅಂದರೆ ಸಭೆಯ ಸೇವಕರ ಹೆಸರು ಅಚ್ಚಾಗುತ್ತದೆ. ವಯಸ್ಸು ಮೂವತ್ತು ದಾಟಿ, ಎರಡು ವರ್ಷ ಚರ್ಚಿಗೆ ಬಂದವರಿಗೆಲ್ಲ ಆ ಪದವಿ ಸಿಗುತ್ತದೆ. ಮೀನಿನ ಲಾರಿ ಓಡಿಸುವ ಸೊಕ್ ಬೋಧನೆಯುದ್ದಕ್ಕೂ ಗೊರಕೆ ಹೊಡೆಯುತ್ತಾನೆ, ಆದರೂ ಅವನು ಸೊಕ್ ಜಿಪ್ಸಾ. ನಲವತ್ತಮೂರರ ಯನ್‌ಸಿಲ್ ಮಾತ್ರ ಎಲ್ಲರಿಗೂ ಪುಟ್ಟಿ.

“ಒಂದೇ ಒಂದ್ ಸಲ ಯಾರಾದ್ರೂ ಮನೆತನದ ಹೆಸ್ರೂ ಸೇರ್ಸಿ ತಕ್ ಯನ್‌ಸಿಲ್ ಜಿಪ್ಸಾ ಅನ್ಲಿ ಅಕ್ಕ. ಆಮೇಲೆ ಪುಟ್ಟಿ ಅಂದ್ರೂ ಬೇಜಾರಿಲ್ಲ.”

ಶರತ್ಕಾಲದಲ್ಲಿ ಪಾಸ್ಟರ್ ಮಾ ಹೊಸದಾಗಿ ಬಂದರು. ಡಿಸೆಂಬರಿನಲ್ಲಿ ನಾನು ಒಂದು ಬಟ್ಟಲು ಬೇಯಿಸಿದ ಚಿಪ್ಪುಮೀನು ಹಿಡಿದು ಅವರ ಕೋಣೆಗೆ ಹೋದೆ. ರೋಗಿಗಳ ಪಟ್ಟಿಯಲ್ಲಿರುವವರಿಗೆ ಹೊಸ ಜವಾಬ್ದಾರಿ ಕೊಡಬಾರದು ಎಂಬುದು ಹಳೆಯ ಪಾಸ್ಟರ ಕಟ್ಟಳೆ.

“ಯನ್‌ಸಿಲ್‌ಗೆ ರೋಗ ಇಲ್ಲ ಪಾಸ್ಟರೇ. ಆ ಹೆಸರು ಅಲ್ಲಿಂದ ತೆಗೀರಿ,” ಎಂದೆ.

“ನೀವು ಹೇಳೋದು ಸರಿ ಅಮ್ಮ. ಹೊಸ ವರ್ಷದಿಂದ ತೆಗೀತೀನಿ,” ಎಂದು ಬರೆದುಕೊಂಡರು.

ಅವಳನ್ನು ಜಿಪ್ಸಾ ಮಾಡಿ ಎಂಬ ಎರಡನೇ ಮಾತು ನಾನು ಆಡಲಿಲ್ಲ. ತನಗಾಗಲಿ ತನ್ನವರಿಗಾಗಲಿ ಪದವಿ ಬಾಯಿಬಿಟ್ಟು ಕೇಳುವುದು ನಮ್ಮ ಚರ್ಚಿನಲ್ಲಿ ನಾಚಿಕೆಗೇಡು. ಇಲ್ಲಿಂದ ತೆಗೆದರೆ ಅಲ್ಲಿಗೆ ತಾನಾಗಿ ಸೇರುತ್ತದೆ ಎಂದುಕೊಂಡೆ.

“ಈ ಸಲ ಗ್ಯಾರಂಟಿ ಕಣೆ,” ಎಂದೆ ಯನ್‌ಸಿಲ್‌ಗೆ. ಯಾಕಾದರೂ ಹೇಳಿದೆನೋ. ಮುಂದಿನ ವಾರ ಅವಳು ತಲೆತುಂಬ ಗುಂಗುರು ಮಾಡಿಸಿಕೊಂಡು ಬಂದಳು.

“ಕುರಿ ಥರ ಆಗಿದ್ದೀಯ.”

“ಪಾಸ್ಟರಿಗೆ ಕುರೀನೇ ಬೇಕಲ್ವಾ?”

ಹೊಸ ವರ್ಷದ ಹಾಳೆಗಳು ಅಚ್ಚಾಗಿ ಬಂದ ಶನಿವಾರ ಅವಳು ಬಂದಕೂಡಲೇ ಸೌಟು ಮುಟ್ಟಲಿಲ್ಲ. ಎರಡನೇ ಪುಟದ ಮೇಲೆ ಬಲಗೈ ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದಳು. ನಲವತ್ತೇಳು ಹೆಸರು. ಮತ್ತೆ ಕೆಳಗಿನಿಂದ ಮೇಲಕ್ಕೆ ಹೋದಳು. ಆಮೇಲೆ ನಾಲ್ಕನೇ ಪುಟ ತಿರುಗಿಸಿದಳು. ರೋಗಿಗಳು ನಾಲ್ವರಿದ್ದರು. ಕೊನೆಗೆ ಹೂವು ತಂದವರು, ಪಾತ್ರೆ ತೊಳೆಯುವ ಸರದಿಯವರು ಇರುವ ಮೂರನೇ ಪುಟವನ್ನೂ ಓದಿದಳು.

“ಎಲ್ಲೂ ಇಲ್ಲ ಅಕ್ಕ.”

ನೂರ ಎಂಬತ್ತನ್ನೂ ಮಡಿಸಿಟ್ಟು ಮನೆಗೆ ಹೋದಳು.

ನಾನು ಏಪ್ರನ್ನಿನಲ್ಲೇ ಪಾಸ್ಟರ ಬಳಿಗೆ ನಡೆದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ಜಿಪ್ಸಾ ಅಂದ್ರೆ ಮನೆಮನೆಗೆ ಹೋಗ್ಬೇಕು, ಪ್ರಾರ್ಥನೆ ನಡೆಸ್ಬೇಕು. ಪಾಪ, ಅವಳಿಗ್ಯಾಕೆ ಅಮ್ಮ ಆ ಭಾರ? ನಾವೆಲ್ಲ ಅವಳನ್ನ ಪ್ರೀತಿಸ್ತೀವಲ್ಲ, ಸಾಲದಾ?”

ಸೊಕ್ ಯಾರ ಮನೆಗೆ ಹೋಗಿದ್ದಾನೆ ಎಂದು ಕೇಳಬೇಕಿತ್ತು. ಒಳ್ಳೆಯ ಮನುಷ್ಯನ ಮುಖ ನೋಡಿ ಅಡುಗೆಮನೆಗೆ ವಾಪಸು ಬಂದೆ.

ಮರುದಿನ ಪಾಸ್ಟರು ರೋಗಿಗಳ ಹೆಸರು ಓದಿದರು. ನಾಲ್ಕು ಹೆಸರು, ನಾಲ್ಕು ಆಮೆನ್. ಯನ್‌ಸಿಲ್ ಗುಂಗುರು ತಲೆ ಎತ್ತಿಕೊಂಡು ಐದನೆಯದಕ್ಕೆ ಕಾಯುತ್ತಿದ್ದಳು. ಪಾಸ್ಟರು ಬೈಬಲ್ ತೆರೆದರು.

ಊಟದ ಹೊತ್ತಿಗೆ ಅವಳು ನನ್ನ ಪಕ್ಕ ಬಂದು ನಿಂತಳು.

“ಅಕ್ಕ, ಹಳೇ ಪಟ್ಟಿಗೇ ಹಾಕ್ಸು.”

“ನಿಂಗೇನು ರೋಗ ಅಂತ ಹಾಕ್ಸಲೇ?”

“ಏನಾದ್ರೂ ಹಾಕ್ಸು. ವಾರಕ್ಕೊಂದ್ ಸಲ ನನ್ ಹೆಸ್ರು ಓದ್ತಿದ್ರು.”

ಕಿಮ್ಚಿ ಬಡಿಸುತ್ತಿದ್ದ ಕೈಯನ್ನು ಒರೆಸಿಕೊಂಡು ಹೋಗಿ ಕೇಳಿದೆ. ಪಾಸ್ಟರು ಸಂತೋಷದಿಂದಲೇ ಒಪ್ಪಿದರು.

“ತೆಗೆದಾಗ್ಲೇ ನನಗೂ ಒಂಥರಾ ಅನ್ಸಿತ್ತು ನೋಡಿ,” ಎಂದರು.

ಮುಂದಿನ ಶನಿವಾರ ನಾಲ್ಕನೇ ಪುಟದ ಕೊನೆಗೆ ಅವಳಿದ್ದಳು: ಯನ್‌ಸಿಲ್, ಸಂಪೂರ್ಣ ಗುಣಕ್ಕಾಗಿ. ಅವಳು ನೋಡಿದಳು. ಸೌಟನ್ನು ಮುಷ್ಟಿಗೆ ಸಿಕ್ಕಿಸಿಕೊಂಡಳು. ನಾನು ಮೊಳಕೆಯ ಬುಟ್ಟಿ ಹತ್ತಿರ ಎಳೆದುಕೊಂಡೆ.

“ಈ ವಾರ ಯಾರಾದ್ರೂ ಪಾಸಾದ್ರಾ?” ಎಂದು ಕೇಳಿದೆ, ಎಂದಿನಂತೆ ನಗುತ್ತಾಳೇನೋ ಎಂದು.

ಅವಳು ಮುಂದಿನ ಹಾಳೆ ತೆಗೆದುಕೊಂಡಳು.